ಬಾಡಿಗೆ ಮಾಲಿಗೆ, ಹೊಣೆ ಯಾರಿಗೆ?

ಪಾರ್ಸೆಲ್ ಆಫೀಸಿನಲ್ಲಿ ಮಾಲು ಬುಕ್ ಮಾಡಿದರೆ ಕೈಗೊಂದು ತೆಳ್ಳನೆಯ ಕಾಗದ ಕೊಡುತ್ತಾರೆ. ಅದೇ ಎಲ್‌ಆರ್, ಲಾರಿ ರಸೀದಿ. ಮುಂಬದಿಯಲ್ಲಿ ಕಳಿಸಿದವರ ಹೆಸರು, ಬಿಡಿಸಿಕೊಳ್ಳುವವರ ಹೆಸರು, ನಗಗಳೆಷ್ಟು, ತೂಕವೆಷ್ಟು, ಬಾಡಿಗೆ ಕಟ್ಟಿದ್ದಾಗಿದೆಯೋ ‘ಟು ಪೇ’ಯೋ ಎಂಬ ವಿವರ. ಹಿಂಬದಿಯಲ್ಲಿ ಭೂತಗನ್ನಡಿ ಬೇಕಾಗುವ ಅಕ್ಷರಗಳಲ್ಲಿ ಷರತ್ತುಗಳು. ಆ ಹಿಂಬದಿಯನ್ನು ಯಾರೂ ಓದುವುದಿಲ್ಲ. ಮಾಲು ಕಳೆದುಹೋದ ಮೇಲೆ ಎರಡೂ ಕಡೆಯ ವಕೀಲರು ಓದುತ್ತಾರೆ, ಅಷ್ಟೆ.

ದಾವಣಗೆರೆಯಿಂದ ₹40,000 ಬೆಲೆಯ ಬಟ್ಟೆ ಗಂಟನ್ನು ₹300 ಬಾಡಿಗೆಗೆ ಕಳಿಸಿದಿರಿ ಎಂದುಕೊಳ್ಳಿ. ದಾರಿಯಲ್ಲಿ ಗಂಟು ಮಾಯವಾಯಿತು. ಬುಕ್ ಮಾಡುವಾಗ ಮಾಲಿನ ಬೆಲೆ ಬರೆಸಿ, ಹೆಚ್ಚಿನ ಅಪಾಯದ ದರ ಕಟ್ಟಿರದಿದ್ದರೆ, ಸಾಮಾನ್ಯವಾಗಿ ನಿಮಗೆ ಸಿಗುವುದು ಹೆಚ್ಚೆಂದರೆ ಬಾಡಿಗೆಯ ಹತ್ತು ಪಟ್ಟು. ಅಂದರೆ ₹3,000. 2007ರ ರಸ್ತೆ ಸರಕು ಸಾಗಣೆ ಕಾಯ್ದೆ ಮತ್ತು 2011ರ ನಿಯಮಗಳು ಹೇಳುವುದು ಇದನ್ನೇ. ಮಾಲು ಬುಕ್ ಆದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ಅದಕ್ಕೂ ದಾವೆ ಹೂಡುವ ಹಾಗಿಲ್ಲ.

ಇಷ್ಟು ಕೇಳಿದವರಿಗೆ ಕಾನೂನು ಸಾಗಣೆದಾರನ ಪರವಾಗಿದೆ ಅನ್ನಿಸೀತು. ಪೂರ್ತಿ ನಿಜವಲ್ಲ. ಅದೇ ಕಾಯ್ದೆಯ ಇನ್ನೊಂದು ಮುಖ ಸಾಗಣೆದಾರನಿಗೆ ಬಹಳ ಕಠಿಣವಾಗಿದೆ. ಮಾಲು ಹಾಳಾದರೆ ಅವನ ಅಜಾಗರೂಕತೆಯನ್ನು ಕಳಿಸಿದವರು ರುಜುವಾತು ಮಾಡಬೇಕಿಲ್ಲ. ಮಾಲು ಒಪ್ಪಿಸಿದೆ, ಅದು ತಲುಪಲಿಲ್ಲ ಎಂದರೆ ಸಾಕು. ಪ್ರಕೃತಿ ವಿಕೋಪ, ಯುದ್ಧ, ಗಲಭೆ, ಸರ್ಕಾರದ ತಡೆ ಹೀಗೆ ಬೆರಳೆಣಿಕೆಯ ಕಾರಣಗಳನ್ನು ಬಿಟ್ಟರೆ ಹೊಣೆ ಅವನದೇ. 1865ರಲ್ಲಿ ಬ್ರಿಟಿಷರು ತಂದ ಕ್ಯಾರಿಯರ್ಸ್ ಆಕ್ಟ್‌ನ ತಿರುಳೂ ಇದೇ ಆಗಿತ್ತು. ಎತ್ತಿನ ಗಾಡಿಯ ಕಾಲಕ್ಕೆ ಬರೆದ ಆ ಕಾಯ್ದೆಯನ್ನು ಹದಿನೆಂಟು ಚಕ್ರದ ಟ್ರೇಲರುಗಳ ಕಾಲದವರೆಗೂ ನಾವು ಎಳೆದುಕೊಂಡು ಬಂದೆವು. ಹೊಸ ಕಾಯ್ದೆ ಜಾರಿಯಾದದ್ದು 2011ರ ಮಾರ್ಚ್‌ನಲ್ಲಿ.

ಎಲ್‌ಆರ್‌ ಮೇಲೆ ‘ಓನರ್ಸ್ ರಿಸ್ಕ್’ ಎಂಬ ಮುದ್ರೆ ಒತ್ತಿದರೆ ಪಾರಾದೆವು ಎಂದು ನಂಬಿರುವ ಟ್ರಾನ್ಸ್‌ಪೋರ್ಟ್ ಆಫೀಸುಗಳು ಈಗಲೂ ಇವೆ. ಬೆಸ್ಟ್ ರೋಡ್‌ವೇಸ್ ಎಂಬ ಸಾಗಣೆ ಸಂಸ್ಥೆಯ ಮೊಕದ್ದಮೆಯಲ್ಲಿ 2000ದಲ್ಲೇ ಸುಪ್ರೀಂ ಕೋರ್ಟ್ ಆ ನಂಬಿಕೆಯನ್ನು ಒಡೆಯಿತು. ಸಾರ್ವಜನಿಕರ ಮಾಲು ಸಾಗಿಸುವವನ ಹೊಣೆ ವಿಮಾ ಕಂಪನಿಯ ಹೊಣೆಯಂಥದು, ಒಂದು ಮುದ್ರೆಯಿಂದ ಅದು ಅಳಿಸಿಹೋಗುವುದಿಲ್ಲ ಎಂದಿತು. ಹಾಗಾದರೆ ಲಾರಿ ಆಫೀಸಿನವನು ನಡೆಸುತ್ತಿರುವುದು ಎರಡು ವ್ಯಾಪಾರ. ಒಂದು ಸಾಗಣೆ, ಇನ್ನೊಂದು ವಿಮೆ. ಮೊದಲನೆಯದಕ್ಕೆ ಬಾಡಿಗೆ ಬರುತ್ತದೆ. ಎರಡನೆಯದಕ್ಕೆ ಪ್ರೀಮಿಯಂ ಬರುವುದಿಲ್ಲ. ಈ ಉದ್ಯಮದ ಕಷ್ಟಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹುಟ್ಟುತ್ತವೆ ಎಂಬುದು ನನ್ನ ಅಭಿಪ್ರಾಯ.

ವ್ಯಾಪಾರಿಗಳು ಆಡುವ ಒಂದು ಸಮಾಧಾನದ ಮಾತಿದೆ: ‘ಮಾಲಿಗೆ ನಾವು ಇನ್ಶೂರೆನ್ಸ್ ಮಾಡಿಸಿದ್ದೇವೆ, ನೀವು ಚಿಂತೆ ಮಾಡಬೇಡಿ.’ ಚಿಂತೆ ಶುರುವಾಗಬೇಕಾದದ್ದು ಆ ಮಾತು ಕಿವಿಗೆ ಬಿದ್ದಾಗಲೇ. ವಿಮಾ ಕಂಪನಿ ವ್ಯಾಪಾರಿಗೆ ಹಣ ಕೊಟ್ಟು, ಅವನ ಹಕ್ಕನ್ನು ತಾನು ಬರೆಸಿಕೊಂಡು, ಲಾರಿ ಕಂಪನಿಯ ಬೆನ್ನು ಹತ್ತುತ್ತದೆ. ನೂಲಿನ ಲೋಡೊಂದು ಅಪಘಾತದಲ್ಲಿ ಹಾಳಾದ ಚರಣ್ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಈ ಹಾದಿಯ ಪ್ರಶ್ನೆ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದವರೆಗೂ ಹೋಯಿತು. 2010ರ ತೀರ್ಪು ಸಾಗಣೆದಾರನ ವಿರುದ್ಧವೇ ಬಂತು. ಗಿರಣಿಯ ಪಾಲಿಸಿ ಗಿರಣಿಯನ್ನು ಕಾಯುತ್ತದೆ, ಲಾರಿಯ ಪಾಲಿಸಿ ಲಾರಿಯನ್ನು ಕಾಯುತ್ತದೆ. ಸಾಗಣೆದಾರನ ಹೊಣೆಯನ್ನು ಕಾಯುವ ಮೂರನೆಯ ಬಗೆಯ ಪಾಲಿಸಿಯೂ ಮಾರುಕಟ್ಟೆಯಲ್ಲಿದೆ. ಒಂದೆರಡು ಗಾಡಿ ಇಟ್ಟುಕೊಂಡವರು ಅದರ ಸುದ್ದಿಗೇ ಹೋಗುವುದಿಲ್ಲ.

ಘಟ್ಟ ಇಳಿಯುವ ಮುನ್ನ

ಪ್ರಕೃತಿ ವಿಕೋಪಕ್ಕೆ ವಿನಾಯಿತಿ ಇದೆ ಎಂದೆ. ಕರ್ನಾಟಕದಲ್ಲಿ ಈ ವಿನಾಯಿತಿಯ ಪರೀಕ್ಷೆ ನಡೆಯುವುದು ಘಟ್ಟಗಳಲ್ಲಿ. ಬೆಂಗಳೂರು ಮತ್ತು ಮಂಗಳೂರು ಬಂದರಿನ ನಡುವೆ ಭಾರಿ ವಾಹನಕ್ಕೆ ಇರುವ ಮುಖ್ಯ ದಾರಿ ಸಕಲೇಶಪುರದಿಂದ ಗುಂಡ್ಯಕ್ಕೆ ಇಳಿಯುವ ಶಿರಾಡಿ. ಚಾರ್ಮಾಡಿ, ಆಗುಂಬೆಗಳ ತಿರುವುಗಳು ದೊಡ್ಡ ಟ್ರೇಲರಿಗೆ ಒಗ್ಗುವುದಿಲ್ಲ. ರೈಲು ಇದೆಯಲ್ಲ ಎಂದರೆ, ಅದೂ ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ 57 ಸುರಂಗಗಳನ್ನು ಹಾದು ಅದೇ ಬೆಟ್ಟಸಾಲಿನಲ್ಲೇ ಇಳಿಯಬೇಕು. 2018ರ ಆಗಸ್ಟ್‌ನಲ್ಲಿ ರಸ್ತೆ, ಹಳಿ ಎರಡೂ ಕುಸಿದವು. 2024ರ ಜುಲೈನಲ್ಲಿ ದೊಡ್ಡತಪ್ಪಲೆಯ ಬಳಿ ರಸ್ತೆಗೆ ಮಣ್ಣು ಬಿತ್ತು, ಅದೇ ತಿಂಗಳ ಕೊನೆಗೆ ಎಡಕುಮೇರಿ ಸಮೀಪ ಹಳಿಯ ಅಡಿಯ ನೆಲವೇ ಜಾರಿತು. ಬದಲಿ ದಾರಿ ಎಂದು ಯಾವುದನ್ನು ನೆಚ್ಚಿಕೊಂಡಿದ್ದರೋ ಅದೂ ಜೊತೆಯಲ್ಲೇ ಮುಚ್ಚಿಕೊಂಡಿತು.

ಶಿರಾಡಿಯನ್ನು ಸರ್ಕಾರವೇ ಮುಚ್ಚಿದ್ದೂ ಉಂಟು. 2015ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ, ಕಾಂಕ್ರೀಟ್ ಹಾಕಲು ತಿಂಗಳುಗಟ್ಟಲೆ. ಕಾಂಕ್ರೀಟು ಒಣಗಿ ವಾಹನ ಬಿಟ್ಟ ಮೇಲೆ ಮಳೆ ಬಂದು ಮತ್ತೆ ಬಂದ್. ಬೆಂಗಳೂರಿನ ಕಂಟೇನರುಗಳಲ್ಲಿ ಹೆಚ್ಚಿನವು ಕರ್ನಾಟಕದ ಸ್ವಂತ ಬಂದರನ್ನು ಬಿಟ್ಟು ಚೆನ್ನೈ ಕಡೆಗೆ ಹೋಗುವುದಕ್ಕೆ ಕಾರಣಗಳು ಹಲವಿವೆ. ನಂಬಲಾಗದ ಈ ಘಟ್ಟವೂ ಅವುಗಳಲ್ಲೊಂದು.

ಘಟ್ಟದಲ್ಲಿ ಸಿಕ್ಕಿಕೊಂಡ ಲಾರಿಯ ಲೆಕ್ಕ ನೋಡಿ. ಗಾಡಿಗೆ ಏಟು ಬಿದ್ದರೆ ವಿಮೆ ಇದೆ. ಏಟು ಬೀಳದೆ ನಾಲ್ಕು ದಿನ ಸುಮ್ಮನೆ ನಿಂತರೆ ಏನೂ ಇಲ್ಲ. ಬ್ಯಾಂಕಿನ ಕಂತು ನಿಲ್ಲುವುದಿಲ್ಲ, ಡ್ರೈವರನ ಬಾಟಾ ನಿಲ್ಲುವುದಿಲ್ಲ, ಟೊಮೆಟೊ ಕೊಳೆಯುವುದು ನಿಲ್ಲುವುದಿಲ್ಲ. ದೊಡ್ಡ ಕಂಪನಿಗಳ ಕರಾರಿನಲ್ಲಿ ತಡವಾದ ದಿನಕ್ಕಿಷ್ಟು ಎಂದು ಬಾಡಿಗೆಯಲ್ಲಿ ಕಡಿತ ಬರೆದಿರುತ್ತದೆ. ಅದೇ ಕಂಪನಿಯ ಗೇಟಿನ ಮುಂದೆ ಮಾಲು ಇಳಿಸಲು ಎರಡು ದಿನ ಕಾಯಿಸಿದರೆ ಕೊಡಬೇಕಾದ ಹಾಲ್ಟಿಂಗ್ ಹಣಕ್ಕೆ ಮಾತ್ರ ಅಲೆದಾಡಬೇಕು.

ಇನ್ನು ಪ್ರತಿ ಮಳೆಗಾಲವೂ ಕುಸಿಯುವ ಗುಡ್ಡ ಕಾನೂನಿನ ಕಣ್ಣಿಗೆ ‘ದೈವಕೃತ್ಯ’ವೇ? ಮೊದಲೇ ಊಹಿಸಬಹುದಾಗಿತ್ತೇ, ತಪ್ಪಿಸಿಕೊಳ್ಳಲು ಸಾಧ್ಯವಿತ್ತೇ ಎಂದು ನ್ಯಾಯಾಲಯಗಳು ಕೇಳುತ್ತವೆ. ಜುಲೈ ತಿಂಗಳಲ್ಲಿ ಶಿರಾಡಿಗೆ ಗಾಡಿ ಬಿಟ್ಟು ಊಹಿಸಿರಲಿಲ್ಲ ಎನ್ನುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ.

ಕರಾವಳಿಯ ಹೆದ್ದಾರಿ 66 ಈ ಪ್ರಶ್ನೆಯನ್ನು ಇನ್ನೂ ಕ್ರೂರವಾಗಿ ಕೇಳಿತು. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ರಸ್ತೆಬದಿಯ ಚಹಾ ಅಂಗಡಿಯ ಮೇಲೆ, ಅಲ್ಲಿ ನಿಂತಿದ್ದ ವಾಹನಗಳ ಮೇಲೆ ಬಿತ್ತು. ಗ್ಯಾಸ್ ಟ್ಯಾಂಕರೊಂದು ಗಂಗಾವಳಿ ನದಿಯಲ್ಲಿ ತೇಲಿಹೋಯಿತು. ಮರದ ದಿಮ್ಮಿ ಹೇರಿಕೊಂಡು ಕೇರಳಕ್ಕೆ ಹೊರಟಿದ್ದ ಲಾರಿ ಕಾಣೆಯಾಯಿತು. ಗೋವಾದಿಂದ ಡ್ರೆಜರ್ ತರಿಸಿ ಹುಡುಕಿ, ಸೆಪ್ಟೆಂಬರ್ 25ರಂದು ಆ ಲಾರಿಯನ್ನೂ ಅದರೊಳಗಿದ್ದ ಚಾಲಕನ ದೇಹವನ್ನೂ ನದಿಯಿಂದ ಎತ್ತಿದರು. ಶಿರೂರಿನ ಗುಡ್ಡ ಕುಸಿದು ಮೂರು ವಾರ ಆಗಿತ್ತಷ್ಟೆ, ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಮುರಿದು ತಮಿಳುನಾಡಿನ ಲಾರಿಯೊಂದು ನೀರಿಗೆ ಬಿತ್ತು. ಆ ಚಾಲಕ ಬದುಕಿದ. ಇಬ್ಬರೂ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದರು. ರಸ್ತೆ ಚೆನ್ನಾಗಿದೆ ಎಂದು ನಂಬಿ ಟೋಲ್ ಕಟ್ಟಿ ಹೊರಟವರಿಗೆ ಆ ನಂಬಿಕೆಯ ಹೊಣೆ ಹೊರುವವರು ಯಾರು ಎಂಬುದಕ್ಕೆ ನಮ್ಮಲ್ಲಿ ನೇರ ಉತ್ತರವಿಲ್ಲ.

ಗಡುವು ಮುಗಿದ ಬಿಲ್ಲು

ಗುಡ್ಡ ಕುಸಿಯದೆ, ಚಕ್ರ ಪಂಕ್ಚರ್ ಆಗದೆ ಹೋದರೂ ಗಡಿಯಾರವೊಂದು ಲಾರಿಯ ಜೊತೆಗೇ ಓಡುತ್ತಿರುತ್ತದೆ. ₹50,000ಕ್ಕೆ ಮೇಲ್ಪಟ್ಟ ಮಾಲಿಗೆ ಇ-ವೇ ಬಿಲ್, ಅಂದರೆ ಜಿಎಸ್‌ಟಿಗೆಂದು ಆನ್‌ಲೈನಿನಲ್ಲಿ ಪಡೆಯುವ ಸಾಗಣೆ ರಹದಾರಿ, ಬೇಕು. ಈ ವ್ಯವಸ್ಥೆ ದೇಶದಲ್ಲಿ ಶುರುವಾದ 2018ರ ಏಪ್ರಿಲ್ 1ರಂದೇ ರಾಜ್ಯದೊಳಗಿನ ಸಾಗಣೆಗೂ ಅದನ್ನು ಜಾರಿಗೊಳಿಸಿದ ಮೊದಲ ರಾಜ್ಯ ಕರ್ನಾಟಕ. ಆರಂಭದಲ್ಲಿ ನೂರು ಕಿಲೋಮೀಟರಿಗೆ ಒಂದು ದಿನ ಎಂದಿದ್ದ ಗಡುವನ್ನು 2021ರಿಂದ ಇನ್ನೂರು ಕಿಲೋಮೀಟರಿಗೆ ಒಂದು ದಿನ ಎಂದು ಬಿಗಿಗೊಳಿಸಿದರು. ಗಡುವು ಮುಗಿಯುವುದಕ್ಕೆ ಮೊದಲಿನ ಎಂಟು ಗಂಟೆಗಳಲ್ಲಿ ಅಥವಾ ಮುಗಿದ ನಂತರದ ಎಂಟು ಗಂಟೆಗಳೊಳಗೆ ಅವಧಿ ವಿಸ್ತರಿಸಿಕೊಳ್ಳಬಹುದು. ಗೇರ್‌ಬಾಕ್ಸ್ ಕೆಟ್ಟು ಸಿರಾ ಹತ್ತಿರ ರಾತ್ರಿ ನಿಂತಿರುವ ಡ್ರೈವರನಿಗೆ ಆ ಗಂಟೆಗಳ ಲೆಕ್ಕ ನೆನಪಿರಬೇಕು, ಮೊಬೈಲಿಗೆ ಸಿಗ್ನಲ್ ಇರಬೇಕು, ಆಫೀಸಿನಲ್ಲಿ ಫೋನೆತ್ತುವವರಿರಬೇಕು.

ತಪ್ಪಿದರೆ ಆ ಮಾಲಿನ ತೆರಿಗೆಯ ಎರಡು ಪಟ್ಟು ದಂಡ. ಮಾಲಿನ ಯಜಮಾನ ಮುಂದೆ ಬಾರದಿದ್ದರೆ ಇನ್ನೂ ಹೆಚ್ಚು. ಅದು ತೀರುವತನಕ ಲಾರಿ ತೆರಿಗೆ ಇಲಾಖೆಯ ಅಂಗಳದಲ್ಲಿ.

ಹೈದರಾಬಾದಿನ ಸತ್ಯಂ ಶಿವಂ ಪೇಪರ್ಸ್ ಪ್ರಕರಣವನ್ನು ಈ ವಿಷಯದಲ್ಲಿ ಎಲ್ಲರೂ ಉದಾಹರಿಸುತ್ತಾರೆ, ಉದಾಹರಿಸಬೇಕಾದದ್ದೇ. 2020ರ ಜನವರಿ, ಆಟೊ ಟ್ರಾಲಿಯಲ್ಲಿ ಕಾಗದ ಹೊರಟಿತ್ತು. ಪ್ರತಿಭಟನೆಯಿಂದ ರಸ್ತೆ ಬಂದ್ ಆಗಿ ಮಾಲು ತಲುಪಲಿಲ್ಲ, ಬಿಲ್ಲಿನ ಗಡುವು ಮುಗಿಯಿತು. ಮುಂದಿನ ಕೆಲಸದ ದಿನ ಹೊರಟಾಗ ಅಧಿಕಾರಿ ತಡೆದರು. ಮಾಲನ್ನು ಇಳಿಸಿಟ್ಟದ್ದು ಸರ್ಕಾರಿ ಗೋದಾಮಿನಲ್ಲಲ್ಲ, ಅಧಿಕಾರಿಯ ಸಂಬಂಧಿಕರೊಬ್ಬರ ಜಾಗದಲ್ಲಿ! ₹69,000 ವಸೂಲಾಯಿತು. ತೆಲಂಗಾಣ ಹೈಕೋರ್ಟ್ ಅದನ್ನು ರದ್ದು ಮಾಡಿತು. ಇಲಾಖೆ ಸುಪ್ರೀಂ ಕೋರ್ಟಿಗೆ ಹೋದಾಗ 2022ರ ಜನವರಿಯಲ್ಲಿ ನ್ಯಾಯಾಲಯ ಖರ್ಚಿನ ಮೊತ್ತವನ್ನೂ ₹69,000ಕ್ಕೆ ಏರಿಸಿತು. ರಸ್ತೆಯಲ್ಲಿ ಸುಗಮವಾಗಿ ಸಂಚಾರ ಸಾಗುವಂತೆ ಮಾಡಬೇಕಾದ್ದು ಸರ್ಕಾರ, ಅದು ಆಗದಿದ್ದಕ್ಕೆ ಬೇರೆಯವರನ್ನು ದಂಡಿಸುವುದೆಂತು ಎಂಬುದು ಆ ಆದೇಶದ ಸಾರ. ಓದಲು ಸಂತೋಷವಾಗುತ್ತದೆ. ಆದರೆ ಎರಡು ವರ್ಷ ದಿಲ್ಲಿಯವರೆಗೆ ಕೇಸು ನಡೆಸುವ ತಾಕತ್ತು ಎಷ್ಟು ಜನರಿಗಿದೆ? ಹೆಚ್ಚಿನವರು ದಂಡ ಕಟ್ಟಿ, ಅಥವಾ ದಂಡಕ್ಕಿಂತ ಕಡಿಮೆಯಾದ ಬೇರೇನನ್ನೋ ಕಟ್ಟಿ, ಗಾಡಿ ಬಿಡಿಸಿಕೊಳ್ಳುತ್ತಾರೆ. ಲಾರಿ ವಲಯದಲ್ಲಿ ವರ್ಷಕ್ಕೆ ₹48,000 ಕೋಟಿಯಷ್ಟು ಲಂಚ ಕೈ ಬದಲಾಗುತ್ತದೆ ಎಂದು ಸೇವ್‌ಲೈಫ್ ಫೌಂಡೇಶನ್‌ನ 2020ರ ಅಧ್ಯಯನ ಅಂದಾಜು ಮಾಡಿತ್ತು.

ಸ್ಟೇರಿಂಗ್ ಹಿಡಿದವರು

ಅದೇ ಅಧ್ಯಯನದ ಇನ್ನೊಂದು ಮಾತು: ಲಾರಿ ಚಾಲಕರು ದಿನಕ್ಕೆ ಸರಾಸರಿ ಹನ್ನೆರಡು ಗಂಟೆ ಗಾಡಿ ಓಡಿಸುತ್ತಾರೆ, ಸುಮಾರು ಅರ್ಧದಷ್ಟು ಮಂದಿ ನಿದ್ದೆಗಣ್ಣಿನಲ್ಲೂ ಓಡಿಸುತ್ತಾರೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ನಿಗದಿ ಮಾಡಿದ್ದು ದಿನಕ್ಕೆ ಎಂಟು ಗಂಟೆ. ಹಿಂದೆ ಗಾಡಿಯಲ್ಲಿ ಒಬ್ಬ ಕ್ಲೀನರ್ ಇರುತ್ತಿದ್ದ. ಡ್ರೈವರನನ್ನು ಮಾತಾಡಿಸುತ್ತ, ಎಚ್ಚರ ಇಡುತ್ತ, ಖಾಲಿ ಮೈದಾನದಲ್ಲಿ ಸ್ಟೇರಿಂಗ್ ಹಿಡಿದು ಕಲಿಯುತ್ತ ಐದಾರು ವರ್ಷಕ್ಕೆ ತಾನೂ ಡ್ರೈವರ್ ಆಗುತ್ತಿದ್ದ. ಖರ್ಚು ಉಳಿಸಲು ಕ್ಲೀನರನನ್ನು ಬಿಟ್ಟರು. ಈಗ ಡ್ರೈವರ್ ಸಿಗುತ್ತಿಲ್ಲ ಎಂದು ಎಲ್ಲ ಮಾಲೀಕರೂ ಗೊಣಗುತ್ತಾರೆ. ಸಿಗುವುದು ಎಲ್ಲಿಂದ? ಕಲಿಸುವ ಶಾಲೆಯೇ ಅದಾಗಿತ್ತು.

2023ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1.72 ಲಕ್ಷಕ್ಕೂ ಹೆಚ್ಚು. ಅಪಘಾತದಲ್ಲಿ ಹೊರಗಿನವರು ಸತ್ತರೆ ಪರಿಹಾರಕ್ಕೆ ಮಿತಿಯಿಲ್ಲ. ಥರ್ಡ್ ಪಾರ್ಟಿ ವಿಮೆ ಕೊಡುತ್ತದೆ, ನಿಜ. ಆದರೆ ಡ್ರೈವರನ ಲೈಸೆನ್ಸ್ ಆ ವರ್ಗದ ಗಾಡಿಗೆ ಸಲ್ಲದಿದ್ದರೆ, ಪರ್ಮಿಟ್ ಇಲ್ಲದಿದ್ದರೆ, ವಿಮಾ ಕಂಪನಿ ಮೊದಲು ಕೊಟ್ಟು ನಂತರ ಮಾಲೀಕನಿಂದ ವಸೂಲು ಮಾಡಬಹುದು ಎಂದು ನ್ಯಾಯಾಲಯಗಳು ಆದೇಶಿಸುತ್ತ ಬಂದಿವೆ. ಎರಡು ಗಾಡಿಯ ಮಾಲೀಕನಿಗೆ ಅಂಥ ಒಂದೇ ಆದೇಶ ಸಾಕು, ಎರಡೂ ಗಾಡಿ ಹೋಗುತ್ತವೆ. ಕಾರಿನ ಲೈಸೆನ್ಸ್ ಇಟ್ಟುಕೊಂಡು ಸಣ್ಣ ಸರಕು ಗಾಡಿ ಓಡಿಸುವವರ ತಲೆಯ ಮೇಲೆ ತೂಗುತ್ತಿದ್ದ ಕತ್ತಿಯನ್ನು ಮಾತ್ರ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೆಗೆದುಹಾಕಿತು. 7,500 ಕೆ.ಜಿ. ಒಳಗಿನ ಗಾಡಿಗೆ ಅದೇ ಲೈಸೆನ್ಸ್ ಸಾಕು.

ಮಾಲಿನ ಗಾಡಿಯಲ್ಲಿ ಜನ ಕೂತರೆ? 2025ರ ಜನವರಿ 22ರ ನಸುಕಿನಲ್ಲಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಬಳಿ, ಸವಣೂರಿನಿಂದ ಕುಮಟಾ ಸಂತೆಗೆ ಹೊರಟಿದ್ದ ತರಕಾರಿ ಲಾರಿ ಉರುಳಿ ಹತ್ತು ಜನ ವ್ಯಾಪಾರಿಗಳು ಸತ್ತರು. ಚೀಲಗಳ ಮೇಲೆ ಕೂತು ಸಂತೆಗೆ ಹೋಗುವುದು ಉತ್ತರ ಕರ್ನಾಟಕದಲ್ಲಿ ಹೊಸದೇನಲ್ಲ. ಬೇರೆ ದಾರಿ ಅವರಿಗೆ ಗಿಟ್ಟುವುದಿಲ್ಲ. ಸರಕು ವಾಹನದಲ್ಲಿ ಪುಕ್ಕಟೆ ಕೂತು ಹೋಗುವವರಿಗೆ ವಿಮಾ ಕಂಪನಿ ಹೊಣೆಯಲ್ಲ ಎಂದು ಆಶಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಾಲಿನ ಯಜಮಾನ ತನ್ನ ಮಾಲಿನ ಜೊತೆ ಹೋದರೆ 1994ರ ತಿದ್ದುಪಡಿಯ ಪ್ರಕಾರ ರಕ್ಷಣೆಯುಂಟು. ಇಂಥ ಸಂತೆ ಲಾರಿ ಉರುಳಿದಾಗ ಒಬ್ಬೊಬ್ಬರೂ ಯಾವ ಚೀಲದ ಯಜಮಾನರಾಗಿದ್ದರು, ಎಷ್ಟು ಜನರನ್ನು ಕೂರಿಸಲು ಗಾಡಿಗೆ ಅನುಮತಿಯಿತ್ತು ಎಂಬುದರ ಮೇಲೆ ಹೆಂಡತಿ ಮಕ್ಕಳ ಮುಂದಿನ ಬದುಕು ನಿಲ್ಲುತ್ತದೆ.

ಚಾಲಕರ ಭಯ ಬೇರೆಯೇ. ಹೊಸ ನ್ಯಾಯ ಸಂಹಿತೆಯಲ್ಲಿ, ಅಜಾಗರೂಕ ಚಾಲನೆಯಿಂದ ಸಾವಿಗೆ ಕಾರಣನಾಗಿ ಪೊಲೀಸರಿಗೆ ತಿಳಿಸದೆ ಓಡಿಹೋದರೆ ಹತ್ತು ವರ್ಷದವರೆಗೆ ಜೈಲು ಎಂಬ ಕಲಂ ಬಂತು. 2024ರ ಹೊಸ ವರ್ಷದ ದಿನವೇ ಲಾರಿಗಳು ನಿಂತು ಪೆಟ್ರೋಲ್ ಬಂಕುಗಳ ಮುಂದೆ ಸಾಲು ಬೆಳೆಯಿತು. ಸಂಹಿತೆಯ ಉಳಿದ ಭಾಗ ಜುಲೈ 1ರಿಂದ ಜಾರಿಯಾದರೂ ಆ ಕಲಮನ್ನು ತಡೆಹಿಡಿದರು. ನಿಂತರೆ ಜನ ಬಡಿಯುತ್ತಾರೆ, ಓಡಿದರೆ ಜೈಲು ಎನ್ನುವ ಚಾಲಕರ ವಾದದಲ್ಲಿ ಸತ್ಯವಿಲ್ಲದಿಲ್ಲ. ಗಾಯಾಳು ರಸ್ತೆಯಲ್ಲೇ ಸಾಯುವುದರಲ್ಲೂ ನ್ಯಾಯವಿಲ್ಲ. ಹತ್ತಿರದ ಠಾಣೆಗೆ ಹೋಗಿಯೋ, ಫೋನ್ ಮಾಡಿಯೋ ತಿಳಿಸಿದವನಿಗೆ ಈ ಶಿಕ್ಷೆ ಇಲ್ಲ ಎಂಬ ಮಾತು ಕಲಮಿನಲ್ಲೇ ಅಡಕವಾಗಿದ್ದರೂ, ಅದನ್ನು ಚಾಲಕರಿಗೆ ಅರ್ಥವಾಗುವ ಹಾಗೆ ಹೇಳುವ ಕಷ್ಟವನ್ನು ಯಾರೂ ತೆಗೆದುಕೊಳ್ಳಲಿಲ್ಲ.

ಒಳಗೆ ಏನಿದೆ?

ಹೇಳುವುದು ಒಂದು, ತುಂಬುವುದು ಇನ್ನೊಂದು. ಇದು ಸಾಗಣೆದಾರನಿಗೆ ಗಿರಾಕಿಯಿಂದಲೇ ಬರುವ ಅಪಾಯ. ಪೆಟ್ಟಿಗೆ ಬಿಚ್ಚಿ ನೋಡುವ ಸಮಯವಿಲ್ಲ, ಎಷ್ಟೋ ಸಲ ಹಕ್ಕೂ ಇಲ್ಲ. ಬಿಲ್ಲಿನಲ್ಲಿ ಕಡಿಮೆ ಬೆಲೆ ಬರೆದವನು ಅಂಗಡಿಯಲ್ಲಿ ಕೂತಿರುತ್ತಾನೆ, ತಪಾಸಣೆಗೆ ಸಿಕ್ಕಿಬೀಳುವುದು ಲಾರಿ. ತೂಕ ಮುಚ್ಚಿಟ್ಟರೆ ಅದಕ್ಕೂ ಲಾರಿಯೇ ಉತ್ತರ ಕೊಡಬೇಕು. 2019ರ ಸೆಪ್ಟೆಂಬರಿನಿಂದ ಹೆಚ್ಚಿನ ತೂಕಕ್ಕೆ ₹20,000 ದಂಡ, ಮೇಲೆ ಪ್ರತಿ ಟನ್ನಿಗೆ ₹2,000.

ಕಳ್ಳರಿಗೆ ಮಾತ್ರ ಒಳಗೇನಿದೆ ಎಂಬುದು ಚೆನ್ನಾಗಿ ಗೊತ್ತಿರುತ್ತದೆ. 2020ರ ಅಕ್ಟೋಬರ್‌ನಲ್ಲಿ ನಮ್ಮ ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯ ಹೆದ್ದಾರಿಯಲ್ಲಿ ಮೊಬೈಲ್ ಫೋನುಗಳಿದ್ದ ಕಂಟೇನರನ್ನು ಅಡ್ಡಗಟ್ಟಿ, ಚಾಲಕರನ್ನು ಹೊಡೆದು, ಕೋಟ್ಯಂತರ ರೂಪಾಯಿಯ ಮಾಲು ದೋಚಿದರು. ನೂರಾರು ಲಾರಿಗಳಲ್ಲಿ ಅದನ್ನೇ ಆರಿಸಿದ್ದು ಆಕಸ್ಮಿಕವಲ್ಲ. ಹೊರಡುವ ಹೊತ್ತು, ಗಾಡಿಯ ನಂಬರು ಇವು ಗೋದಾಮಿನ ಗೋಡೆ ದಾಟುವುದು ಬಾಯಿಯ ಮೂಲಕವೇ. ಬೀಗ, ಸೀಲು, ಜಿಪಿಎಸ್ ಎಲ್ಲ ಆಮೇಲೆ.

ಒಳಗೇನಿದೆ ಎಂಬ ಇದೇ ಪ್ರಶ್ನೆ ಸಮುದ್ರದಲ್ಲಿ ದೊಡ್ಡ ಅಳತೆಯಲ್ಲಿ ಏಳುತ್ತದೆ. 2025ರ ಮೇ 25ರಂದು ಕೊಚ್ಚಿಯ ಬಳಿ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿನಲ್ಲಿ 640 ಕಂಟೇನರುಗಳಿದ್ದವು. 13ರಲ್ಲಿ ಅಪಾಯಕಾರಿ ಸರಕು, 12ರಲ್ಲಿ ನೀರು ತಾಗಿದರೆ ಬೆಂಕಿ ಹಿಡಿಯುವ ಅನಿಲ ಬಿಡುವ ಕ್ಯಾಲ್ಸಿಯಂ ಕಾರ್ಬೈಡ್. ಕೇರಳ ಸರ್ಕಾರ ₹9,531 ಕೋಟಿ ಪರಿಹಾರ ಕೇಳಿ ಹೈಕೋರ್ಟಿಗೆ ಹೋಯಿತು. ಮುಳುಗಿದ ಹಡಗನ್ನು ಹಿಡಿಯುವಂತಿಲ್ಲವಾದ್ದರಿಂದ ವಿಳಿಞಂ ಬಂದರಿನಲ್ಲಿದ್ದ ಅದೇ ಬಳಗದ ಇನ್ನೊಂದು ಹಡಗನ್ನು ನ್ಯಾಯಾಲಯ ತಡೆಹಿಡಿಯಿತು. ಹದಿನೈದು ದಿನ ಕಳೆದಾಗ ವಾನ್ ಹೈ 503 ಎಂಬ ಹಡಗಿಗೆ ಬೆಂಕಿ ಬಿತ್ತು. 22 ಸಿಬ್ಬಂದಿಯಲ್ಲಿ 18 ಜನರನ್ನು ಐಎನ್‌ಎಸ್ ಸೂರತ್ ನೌಕೆ ಮಂಗಳೂರಿಗೆ ತಂದಿತು. ನಾಲ್ವರು ಕಾಣೆಯಾದರು.

ಯುದ್ಧದ ಅಪಾಯ ನಮಗೆ ದೂರದ್ದು ಎಂದುಕೊಳ್ಳುವವರು ಕೊಡಗು, ಚಿಕ್ಕಮಗಳೂರಿನ ಕಾಫಿ ರಫ್ತುದಾರರನ್ನು ಕೇಳಬೇಕು. ನಮ್ಮ ಕಾಫಿಯ ದೊಡ್ಡ ಗಿರಾಕಿ ಇಟಲಿ. ಅಲ್ಲಿಗೆ ದಾರಿ ಕೆಂಪು ಸಮುದ್ರ, ಸೂಯೆಜ್. 2023ರ ನವೆಂಬರ್‌ನಿಂದ ಯೆಮೆನಿನ ಹೂಥಿ ಬಂಡುಕೋರರು ಹಡಗುಗಳ ಮೇಲೆ ಎರಗತೊಡಗಿದ ಮೇಲೆ ದೊಡ್ಡ ಹಡಗು ಕಂಪನಿಗಳು ಆಫ್ರಿಕಾದ ತುದಿಯನ್ನು ಬಳಸಿ ಹೋದವು. ಹತ್ತರಿಂದ ಹದಿನಾಲ್ಕು ದಿನ ಹೆಚ್ಚು. ಯೆಮೆನ್ ಕರಾವಳಿಯಿಂದ ಹಾರಿದ ಡ್ರೋನಿನ ಖರ್ಚು ಕೊನೆಗೆ ಸೋಮವಾರಪೇಟೆಯ ಕಣದ ವ್ಯವಹಾರದವರೆಗೂ ಬರುತ್ತದೆ.

ಇಂದಿನ ಡೀಸೆಲ್, ತೊಂಬತ್ತು ದಿನದ ಬಾಡಿಗೆ

ಇಷ್ಟೆಲ್ಲ ಅಪಾಯಕ್ಕೆ ತಕ್ಕ ಬಾಡಿಗೆ ಸಿಗುತ್ತದೆಯೇ ಎಂದರೆ, ಇಲ್ಲ. ನಮ್ಮಲ್ಲಿ ಲಾರಿ ಮಾಲೀಕರ ಬಹುಪಾಲು ಐದಕ್ಕಿಂತ ಕಡಿಮೆ ಗಾಡಿ ಇರುವವರು. ದೊಡ್ಡ ಕಾರ್ಖಾನೆ ದೊಡ್ಡ ಲಾಜಿಸ್ಟಿಕ್ಸ್ ಕಂಪನಿಗೆ ಗುತ್ತಿಗೆ ಕೊಡುತ್ತದೆ, ಅದು ಟ್ರಾನ್ಸ್‌ಪೋರ್ಟ್ ಕಂಪನಿಗೆ, ಅದು ಬ್ರೋಕರಿಗೆ, ಬ್ರೋಕರ್ ಗಾಡಿ ಮಾಲೀಕನಿಗೆ. ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ಕಮಿಷನ್ ಮೇಲೆ ಉಳಿಯುತ್ತದೆ, ಒಂದಿಷ್ಟು ಹೊಣೆ ಕೆಳಗೆ ಇಳಿಯುತ್ತದೆ. ಕೊನೆಯ ಮೆಟ್ಟಿಲಲ್ಲಿರುವವನ ಬಳಿ ಅಪಾಯ ಹೊರುವ ಬಂಡವಾಳ ಎಲ್ಲರಿಗಿಂತ ಕಡಿಮೆ.

ಡೀಸೆಲ್ ಲೆಕ್ಕ ಹಾಕೋಣ. 2025ರ ಏಪ್ರಿಲ್ 1ರಂದು ಕರ್ನಾಟಕ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ ಶೇ 21.17ಕ್ಕೆ ಏರಿಸಿತು. ಲೀಟರಿಗೆ ಸುಮಾರು ಎರಡು ರೂಪಾಯಿ. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುವ ಗಾಡಿ ತಿಂಗಳಿಗೆ ಹತ್ತು ಸಾವಿರ ಕಿಲೋಮೀಟರ್ ಓಡಿದರೆ 2,500 ಲೀಟರ್. ಒಂದು ಗಾಡಿಗೆ ₹5,000 ಹೆಚ್ಚು ಹೊರೆ. ಬಾಡಿಗೆ ಮೊದಲೇ ಮಾತಾಗಿರುತ್ತದೆ. ಗುತ್ತಿಗೆಯಲ್ಲಿ ಡೀಸೆಲ್ ಏರಿದಂತೆ ಬಾಡಿಗೆ ಏರುವ ಕಲಂ ಬರೆಸಿಕೊಳ್ಳುವ ಬಲ ದೊಡ್ಡವರಿಗಿದೆ, ಬ್ರೋಕರ್ ಹತ್ತಿರ ಲೋಡು ಕೇಳುವವನಿಗಿಲ್ಲ. ಏಪ್ರಿಲ್ 14ರ ನಡುರಾತ್ರಿಯಿಂದ ರಾಜ್ಯದ ಲಾರಿ ಮಾಲೀಕರು ಮುಷ್ಕರ ಹೂಡಿದರು, ಕೆಲವೇ ದಿನಗಳಲ್ಲಿ ಮುಗಿಯಿತು.

ಅದಕ್ಕಿಂತ ದೊಡ್ಡ ಏಟು ಬಿದ್ದದ್ದು ಸದ್ದಿಲ್ಲದೆ. 2018ರ ಜುಲೈನಲ್ಲಿ ದೇಶದ ಲಾರಿಗಳು ಎಂಟು ದಿನ ಮುಷ್ಕರ ಮಾಡಿದ ಹೊತ್ತಿಗೇ ಕೇಂದ್ರ ಸರ್ಕಾರ ಲಾರಿಗಳು ಹೊರಬಹುದಾದ ತೂಕವನ್ನು ಶೇ 20ರಿಂದ 25ರಷ್ಟು ಏರಿಸಿತು. ಗಾಡಿಯ ಸ್ವಂತ ತೂಕವೂ ಸೇರಿ 25 ಟನ್ ಇದ್ದ ಮೂರು ಆಕ್ಸಲ್ ಗಾಡಿಯ ಮಿತಿ 28.5 ಟನ್ ಆಯಿತು. ಮೇಲ್ನೋಟಕ್ಕೆ ವರ. ಆದರೆ ಮಾಲು ಅಷ್ಟೇ ಇರುವಾಗ ದೇಶದ ಎಲ್ಲ ಲಾರಿಗಳ ಸಾಮರ್ಥ್ಯ ಒಂದೇ ರಾತ್ರಿ ಹೆಚ್ಚಾದರೆ ಏನಾಗುತ್ತದೆ? ಲೋಡು ಸಾಲದೆ ಬಾಡಿಗೆ ಬಿತ್ತು. ಸಾಲ ಮಾಡಿ ಹೊಸ ಗಾಡಿ ಕೊಂಡವರು ಮುಂದಿನ ವರ್ಷ ಕಂತು ಕಟ್ಟಲು ಒದ್ದಾಡಿದರು.

ಡೀಸೆಲಿಗೆ ದುಡ್ಡು ಇವತ್ತು ಬೇಕು, ಬಾಡಿಗೆ ಬರುವುದು ಅರವತ್ತು ಅಥವಾ ತೊಂಬತ್ತು ದಿನಕ್ಕೆ. ಸಣ್ಣ ಉದ್ಯಮಗಳಿಗೆ 45 ದಿನದೊಳಗೆ ಹಣ ಕೊಡದಿದ್ದರೆ ಆ ವರ್ಷ ಆದಾಯ ತೆರಿಗೆಯಲ್ಲಿ ಅದನ್ನು ಖರ್ಚೆಂದು ತೋರಿಸುವಂತಿಲ್ಲ ಎಂಬ ನಿಯಮ ಈಚೆಗೆ ಬಂದಿದೆ. ಅದನ್ನು ಮುಂದಿಟ್ಟು ಗಿರಾಕಿಯನ್ನು ಒತ್ತಾಯಿಸಿದರೆ ಮುಂದಿನ ಲೋಡು ಬೇರೆಯವರಿಗೆ ಹೋಗುತ್ತದೆ. ಈ ದೃಷ್ಟಿಯಿಂದ ನೋಡಿದರೆ, 1976ರಲ್ಲಿ ಗದಗದಲ್ಲಿ ಒಂದೇ ಲಾರಿಯಿಂದ ಶುರುಮಾಡಿದ ವಿಜಯ ಸಂಕೇಶ್ವರರು ಬಿಡಿ ಪಾರ್ಸೆಲಿನ ವ್ಯಾಪಾರಕ್ಕೆ ಇಳಿದದ್ದರಲ್ಲಿ ಒಂದು ಜಾಣತನವಿದೆ. ಸಾವಿರಾರು ಸಣ್ಣ ಗಿರಾಕಿಗಳು, ಒಬ್ಬೊಬ್ಬರದೂ ಚಿಕ್ಕ ಮೊತ್ತ, ಅದರಲ್ಲಿ ಬಹಳಷ್ಟು ಕೌಂಟರಿನಲ್ಲೇ ನಗದು. ಒಬ್ಬ ಗಿರಾಕಿ ಕೈಕೊಟ್ಟರೆ ಕಂಪನಿ ಬೀಳುವುದಿಲ್ಲ. ಪೂರ್ತಿ ಲೋಡನ್ನು ಒಂದೇ ಕಾರ್ಖಾನೆಗೆ ಓಡಿಸುವವರಿಗೆ ಆ ಭಾಗ್ಯವಿಲ್ಲ.

ಲಾರಿಗಳಿದ್ದೂ ಮುಚ್ಚಿದ ಕಂಪನಿ

ನಮ್ಮ ಕ್ಯಾರಿಯರ್ಸ್ ಆಕ್ಟ್ ಹುಟ್ಟಿದ 1865ರಲ್ಲೇ ಇಂಗ್ಲೆಂಡಿನ ನಾರ್ತಾಂಪ್ಟನ್‌ಶೈರ್‌ನಲ್ಲಿ ನೈಟ್ಸ್ ಆಫ್ ಓಲ್ಡ್ ಎಂಬ ಸಾಗಣೆ ಸಂಸ್ಥೆ ಹುಟ್ಟಿತು. ಕುದುರೆ ಗಾಡಿಯಿಂದ ಶುರುವಾಗಿ, ಎರಡು ಮಹಾಯುದ್ಧ ದಾಟಿ, ಕೆಎನ್‌ಪಿ ಎಂಬ ಬಳಗವಾಗಿ ಸುಮಾರು ಐನೂರು ಲಾರಿಗಳನ್ನು ಓಡಿಸುತ್ತಿತ್ತು. 2023ರ ಜೂನ್‌ನಲ್ಲಿ ಅಕಿರಾ ಎಂಬ ಹ್ಯಾಕರುಗಳ ತಂಡ ಅದರ ಕಂಪ್ಯೂಟರುಗಳಿಗೆ ನುಗ್ಗಿ ಎಲ್ಲಕ್ಕೂ ಬೀಗ ಹಾಕಿತು. ನೌಕರರೊಬ್ಬರ ಪಾಸ್‌ವರ್ಡ್ ಊಹಿಸಿ ಒಳಹೊಕ್ಕರು ಎಂಬುದು ಕಂಪನಿಯವರ ಅಂದಾಜು. ಸೆಪ್ಟೆಂಬರ್‌ನಲ್ಲಿ ಕಂಪನಿ ಬಾಗಿಲು ಹಾಕಿತು, ಸುಮಾರು ಏಳುನೂರು ಜನ ಕೆಲಸ ಕಳೆದುಕೊಂಡರು.

ಸೈಬರ್ ದಾಳಿಗೆ ವಿಮೆಯೂ ಇತ್ತು. ಹಾಗಾದರೆ ಬಿದ್ದದ್ದೇಕೆ? ಲಾರಿಗಳು ಅಂಗಳದಲ್ಲೇ ಇದ್ದವು, ಚಾಲಕರಿದ್ದರು, ಗಿರಾಕಿಗಳೂ ಇದ್ದರು. ಲೆಕ್ಕಪತ್ರ ಇರಲಿಲ್ಲ. ಹಣಕಾಸಿನ ದಾಖಲೆಗಳು ಕೈತಪ್ಪಿದ್ದರಿಂದ ಹೊಸ ಬಂಡವಾಳ, ಸಾಲ ಹುಟ್ಟಲಿಲ್ಲ. ಮೊದಲೇ ಸಪೂರ ಲಾಭದಲ್ಲಿ ನಡೆಯುತ್ತಿದ್ದ ವ್ಯಾಪಾರಕ್ಕೆ ಮೂರು ತಿಂಗಳು ಕಾಯುವ ಶಕ್ತಿ ಇರಲಿಲ್ಲ.

ಇದಕ್ಕೂ ಮೊದಲು, 2017ರ ಜೂನ್ 27ರಂದು, ಜಗತ್ತಿನ ಅತಿ ದೊಡ್ಡ ಹಡಗು ಕಂಪನಿಗಳಲ್ಲೊಂದಾದ ಮೇರ್ಸ್ಕ್‌ಗೂ ಇಂಥದೇ ಗತಿ ಬಂದಿತ್ತು. ಉಕ್ರೇನನ್ನು ಗುರಿಯಾಗಿಸಿ ಬಿಟ್ಟ ನಾಟ್‌ಪೆಟ್ಯಾ ಎಂಬ ವೈರಸ್ ಅದರ ಜಾಲಕ್ಕೆ ಹಬ್ಬಿ, ಮುಂಬೈ ಬಳಿಯ ಜವಾಹರಲಾಲ್ ನೆಹರು ಬಂದರಿನಲ್ಲಿ ಅದರ ಟರ್ಮಿನಲ್ ಕೂಡ ನಿಂತುಹೋಯಿತು. ಜಾಲದ ಕೀಲಿಯಂತಿದ್ದ ದತ್ತಾಂಶದ ಪ್ರತಿಗಳೆಲ್ಲ ಅಳಿಸಿಹೋಗಿ, ಉಳಿದದ್ದು ಒಂದೇ. ಘಾನಾದ ಕಚೇರಿಯಲ್ಲಿ ದಾಳಿಯ ಹೊತ್ತಿಗೆ ಕರೆಂಟು ಹೋಗಿದ್ದರಿಂದ ಅಲ್ಲಿಯ ಯಂತ್ರ ಜಾಲದಿಂದ ಕಡಿದುಹೋಗಿತ್ತು. ಆ ಒಂದು ಪ್ರತಿಯ ನೆರವಿನಿಂದ ಹತ್ತು ದಿನದಲ್ಲಿ 4,000 ಸರ್ವರು, 45,000 ಕಂಪ್ಯೂಟರುಗಳನ್ನು ಹೊಸದಾಗಿ ಕಟ್ಟಿದರು. ನಷ್ಟ 25ರಿಂದ 30 ಕೋಟಿ ಡಾಲರ್. ಮೇರ್ಸ್ಕ್ ತಡೆದುಕೊಂಡಿತು.

ನಮ್ಮ ಮಧ್ಯಮ ಗಾತ್ರದ ಟ್ರಾನ್ಸ್‌ಪೋರ್ಟ್ ಕಂಪನಿಗಳಲ್ಲಿ ಈಗ ಬುಕಿಂಗು, ಇ-ವೇ ಬಿಲ್ಲು, ಫಾಸ್ಟ್ಯಾಗ್, ಜಿಪಿಎಸ್, ಬಾಕಿ ವಸೂಲಿ ಎಲ್ಲ ಒಂದೇ ಸಾಫ್ಟ್‌ವೇರಿನಲ್ಲಿ ಕೂತಿವೆ. ಹತ್ತು ಶಾಖೆಗಳ ಹುಡುಗರು ಒಂದೇ ಪಾಸ್‌ವರ್ಡ್ ಹಂಚಿಕೊಂಡು ಕೆಲಸ ಮಾಡುತ್ತಾರೆ, ಕೆಲಸ ಬಿಟ್ಟು ಹೋದವರಿಗೂ ಅದು ಗೊತ್ತಿರುತ್ತದೆ. ಯಾರಿಂದ ಎಷ್ಟು ಬರಬೇಕು, ಯಾವ ಮಾಲು ಯಾವ ಗೋದಾಮಿನಲ್ಲಿದೆ ಎಂಬ ಪಟ್ಟಿಯನ್ನು ವಾರಕ್ಕೊಮ್ಮೆ ಹಾರ್ಡ್ ಡಿಸ್ಕಿಗೆ ಇಳಿಸಿ, ಕಂಪ್ಯೂಟರಿನಿಂದ ಕಳಚಿ, ಬೀರುವಿನಲ್ಲಿಡಲು ತಗಲುವ ಖರ್ಚು ಒಂದು ಲಾರಿ ಟೈರಿನ ಬೆಲೆಗಿಂತ ಕಡಿಮೆ. ಟೈರಾದರೆ ಸವೆದದ್ದು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಅದಕ್ಕೆ ದುಡ್ಡು ಹೇಗೋ ಹೊಂದುತ್ತದೆ.